ಉದ್ದ ಕೂದಲಿಗೆ ಎಂಥ ಶವರ್ ಬೇಕು?

ಕೇಳುಗರೇ, ನಮಸ್ಕಾರ.

ಉದ್ದ ಕೂದಲು ಇರುವವರಿಗೆ ಶಾಂಪೂ ಹಚ್ಚುವುದು ಕಷ್ಟದ ಕೆಲಸವೇನಲ್ಲ. ಹಚ್ಚಿದ್ದನ್ನು ತೆಗೆಯುವುದೇ ಕಷ್ಟ. ಶವರ್ ಕೆಳಗೆ ಹತ್ತು ನಿಮಿಷ ನಿಂತಿರುತ್ತೀರಿ, ನೀರು ಧಾರಾಳವಾಗಿ ಸುರಿಯುತ್ತಲೇ ಇರುತ್ತದೆ. ಆದರೂ ಕೂದಲು ಒಣಗಿದ ಮೇಲೆ ಕೈಯಾಡಿಸಿದರೆ ಕಿವಿಯ ಹಿಂದೆ, ಕುತ್ತಿಗೆಯ ಮೇಲ್ಭಾಗದಲ್ಲಿ ಜಿಗುಟು. ಆಗ ಶಾಂಪೂ ಬದಲಾಯಿಸುತ್ತೇವೆ, ಕಂಡೀಷನರ್ ಬದಲಾಯಿಸುತ್ತೇವೆ. ಗೋಡೆಯ ಮೇಲಿರುವ ಶವರ್ ಹೆಡ್ ಕಡೆಗೆ ಮಾತ್ರ ಗಮನವೇ ಹೋಗುವುದಿಲ್ಲ. ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಮೊದಲು ಕೂದಲಿನ ವಿಷಯ. ಒಬ್ಬರ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ನೆನೆದ ಕೂಡಲೇ ಇವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೇಲಿನ ಪದರ ಹೀಗೆ ಅಂಟಿಕೊಂಡ ಮೇಲೆ, ನೆತ್ತಿಗೆ ಬಿದ್ದ ನೀರು ಸೂರಿನ ಮೇಲೆ ಬಿದ್ದ ಮಳೆಯ ಹಾಗೆ ಜಾರಿ ಬೆನ್ನಿನ ಕಡೆ ಹರಿದುಹೋಗುತ್ತದೆ. ಒಳಗಿನ ಪದರಕ್ಕೆ, ಬುಡಕ್ಕೆ ಅದು ಸರಿಯಾಗಿ ಮುಟ್ಟುವುದೇ ಇಲ್ಲ. ನೊರೆ ಉಳಿಯುವುದು ಅಲ್ಲೇ. ಗಿಡ್ಡ ಕೂದಲಿನವರಿಗೆ ಈ ತೊಂದರೆ ಇಲ್ಲ. ಬೆರಳಾಡಿಸಿದರೆ ದಾರಿ ಬಿಡುತ್ತದೆ, ನೀರು ಒಳಗೆ ಇಳಿಯುತ್ತದೆ. ಸೊಂಟದವರೆಗೆ ದಟ್ಟವಾಗಿ ಇಳಿದ ಕೂದಲು ಹಾಗೆ ದಾರಿ ಬಿಡುವುದಿಲ್ಲ.

ಇನ್ನೊಂದು ಮಾತು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಅಂದರೆ 60 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಆಗಲೇ ನಾಲ್ಕೈದು ವರ್ಷ ವಯಸ್ಸಾಗಿರುತ್ತದೆ. ಅಷ್ಟು ವರ್ಷದ ಬಾಚಣಿಗೆ, ಬಿಸಿಲು, ಉಜ್ಜಾಟ ಎಲ್ಲವನ್ನೂ ಅದು ಕಂಡಿರುತ್ತದೆ. ಒದ್ದೆಯಾದಾಗ ಕೂದಲು ಉಬ್ಬುತ್ತದೆ, ಎಳೆದರೆ ಜಾಸ್ತಿ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಹಾಗಾಗಿ ಬುಡಕ್ಕೆ ಬಲವಾಗಿ ನೀರು ಬೇಕು, ತುದಿಗೆ ಮೆತ್ತಗೆ ಬೇಕು. ಎರಡೂ ಕೆಲಸ ಒಂದೇ ಶವರ್ ಮಾಡಬೇಕು.

ಈಗ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಯಾವುದು? ಊಟದ ತಟ್ಟೆಯಷ್ಟು ಅಗಲದ, ಥಳಥಳ ಹೊಳೆಯುವ ರೇನ್ ಶವರ್. ನೋಡಲು ಚೆಂದ, ಮೈಮೇಲೆ ಬಿದ್ದರೂ ಹಿತ. ಆದರೆ ಉದ್ದ ಕೂದಲು ತೊಳೆಯುವುದಕ್ಕೆ ಅದೊಂದನ್ನೇ ನಂಬಬೇಡಿ. ಕಾರಣ ಸರಳ. ಪೈಪಿನಲ್ಲಿ ನಿಮಿಷಕ್ಕೆ 9 ಲೀಟರ್ ನೀರು ಬರುತ್ತಿದೆ ಎಂದುಕೊಳ್ಳಿ. ಅದನ್ನು 40 ತೂತುಗಳಿಗೆ ಹಂಚಿದರೆ ಒಂದೊಂದು ನೀರಿನ ಎಳೆಯೂ ಗಟ್ಟಿಯಾಗಿ ಬರುತ್ತದೆ. ಅಷ್ಟೇ ನೀರನ್ನು 120 ತೂತುಗಳಿಗೆ ಹಂಚಿದರೆ ತೊಟ್ಟಿಕ್ಕಿದ ಹಾಗೆ ಬರುತ್ತದೆ. ಜೊತೆಗೆ ಅದು ನೇರ ಮೇಲಿಂದ ಮಾತ್ರ ಬೀಳುತ್ತದೆ. ಬುಡ ತಲುಪಬೇಕೆಂದರೆ ನೀವೇ ತಲೆ ಬಗ್ಗಿಸಿ, ಕೂದಲನ್ನು ಮುಂದಕ್ಕೆ ಎಳೆದು ಹಾಕಿಕೊಳ್ಳಬೇಕು. ಹಾಗೆ ಹಿಂದೆ ಮುಂದೆ ಮಾಡುತ್ತಾ ಹೋದಷ್ಟೂ ಸಿಕ್ಕು ಜಾಸ್ತಿ.

ನನ್ನ ಕೇಳಿದರೆ ಉದ್ದ ಕೂದಲಿಗೆ ಹ್ಯಾಂಡ್ ಶವರ್ ಬೇಕು. ಕೈಯಲ್ಲಿ ಹಿಡಿಯುವಂಥದ್ದು, ಪೈಪ್ ಇರುವಂಥದ್ದು. ಬಜೆಟ್ ಕಡಿಮೆಯಿದ್ದರೆ ಬೇರೆಲ್ಲ ಬಿಟ್ಟು ಇದೊಂದನ್ನೇ ತೆಗೆದುಕೊಳ್ಳಿ. ಇದರಲ್ಲಿ ತಲೆ ಬಗ್ಗಿಸುವ ಕೆಲಸವಿಲ್ಲ. ನೇರ ನಿಂತು, ಮುಖ ಸ್ವಲ್ಪ ಮೇಲಕ್ಕೆತ್ತಿ, ಒಂದು ಕೈಯಿಂದ ಹಿಂದಿನ ಕೂದಲನ್ನು ಮೇಲೆತ್ತಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಶವರ್ ಅನ್ನು ಕುತ್ತಿಗೆಯ ಹಿಂದೆ, ಬುಡಕ್ಕೆ ನಾಲ್ಕು ಬೆರಳು ದೂರದಲ್ಲಿ ಹಿಡಿದರೆ ನೀರು ನೇರ ಒಳಗೆ ನುಗ್ಗುತ್ತದೆ. ಕಿವಿಯ ಹಿಂದೆ ಒಂದು ಸಲ, ಆ ಕಡೆ ಒಂದು ಸಲ. ಆಮೇಲೆ ಬುಡದಿಂದ ತುದಿಯ ಕಡೆಗೆ ನಿಧಾನವಾಗಿ ಇಳಿಸಿ. ಕೂದಲಿನ ಮೇಲ್ಮೈಯಲ್ಲಿ ಸಣ್ಣ ಸಣ್ಣ ಪದರಗಳಿವೆ. ಅವೆಲ್ಲ ತುದಿಯ ಕಡೆಗೇ ಮುಖ ಮಾಡಿ ಒಂದರ ಮೇಲೊಂದು ಕೂತಿರುತ್ತವೆ. ನೀರು ಅದೇ ದಿಕ್ಕಿನಲ್ಲಿ ಹರಿದರೆ ಕೂದಲು ನುಣುಪಾಗಿ ಕೂರುತ್ತದೆ.

ಹತ್ತಿರದಿಂದ ಹಿಡಿಯುವುದರಿಂದ ಇನ್ನೊಂದು ಲಾಭವಿದೆ. ಮೇಲಿಂದ ಸಣ್ಣ ಹನಿಯಾಗಿ ಬೀಳುವ ನೀರು ದಾರಿಯಲ್ಲೇ ಅಷ್ಟಿಷ್ಟು ಆರುತ್ತದೆ. ಕೈಯಲ್ಲಿ ಹಿಡಿದ ಶವರ್‌ನ ನೀರು ಬೆಚ್ಚಗೇ ತಲುಪುತ್ತದೆ. ಹಾಗಾಗಿ ಗೀಸರ್ ತುಂಬಾ ಬಿಸಿ ಇಡುವ ಅಗತ್ಯವೂ ಬೀಳುವುದಿಲ್ಲ.

ಮೇಲಿನ ಶವರ್ ಕೂಡ ಇರಲಿ ಎಂದು ಆಸೆಯಿದ್ದರೆ ತಪ್ಪಿಲ್ಲ. ಎರಡನ್ನೂ ಒಂದೇ ಪೈಪಿಗೆ ಜೋಡಿಸುವ ಡೈವರ್ಟರ್ ಸಿಗುತ್ತದೆ. ನೀರು ಯಾವುದಕ್ಕೆ ಹೋಗಬೇಕು ಎಂದು ಗುಂಡಿ ತಿರುಗಿಸಿದರೆ ಆಯಿತು. ಎರಡನ್ನೂ ಒಟ್ಟಿಗೆ ಬಿಟ್ಟರೆ ಮಾತ್ರ ನೀರು ಹಂಚಿಹೋಗಿ ಎರಡೂ ಸೊರಗುತ್ತವೆ.

ಡಬ್ಬಿಯ ಮೇಲೆ ಐದು ಬಗೆಯ ನೀರು, ಏಳು ಬಗೆಯ ನೀರು ಎಂದೆಲ್ಲ ಬರೆದಿರುತ್ತಾರೆ, ಅಲ್ವಾ? ಅಷ್ಟು ಸಂಖ್ಯೆಗೆ ಮರುಳಾಗಬೇಡಿ. ಕೂದಲಿಗೆ ಬೇಕಾದದ್ದು ಎರಡು ಬಗೆ. ಒಂದು, ನಡುವೆ ಗಟ್ಟಿಯಾಗಿ ಬರುವ ಎಳೆಗಳು. ಇದು ಬುಡಕ್ಕೆ. ಇನ್ನೊಂದು, ಅಗಲವಾಗಿ ಮೆತ್ತಗೆ ಬೀಳುವುದು. ಇದು ಉದ್ದಕ್ಕೆ, ತುದಿಗೆ. ಮಂಜಿನಂತೆ ಬರುವ ಮಿಸ್ಟ್ ತಲೆ ತೊಳೆಯಲು ಉಪಯೋಗವಿಲ್ಲ. ನೊರೆಯನ್ನು ತಳ್ಳುವ ಬಲವೇ ಅದಕ್ಕಿಲ್ಲ, ತಣ್ಣಗೂ ಆಗಿಬಿಡುತ್ತದೆ. ಟಕಟಕ ಹೊಡೆಯುವ ಮಸಾಜ್ ಬಗೆ ಬೆನ್ನಿಗೆ, ಹೆಗಲಿಗೆ ಚೆನ್ನಾಗಿರುತ್ತದೆ. ಕೂದಲಿನ ಉದ್ದಕ್ಕೆ ಬಿಟ್ಟರೆ ಎಳೆಗಳನ್ನು ಹೊಡೆದು ಹೊಡೆದು ಸಿಕ್ಕು ಮಾಡುತ್ತದೆ. ಗಾಳಿ ಬೆರೆಸಿ ಬಿಡುವ ಶವರ್‌ಗಳೂ ಇವೆ. ಕಡಿಮೆ ನೀರಿನಲ್ಲಿ ತುಂಬಿ ಬಂದಂತೆ ಕಾಣುತ್ತದೆ, ಮೈಗೆ ಮೃದು. ದಟ್ಟ ಕೂದಲಿಗೆ ನಾನು ಅದನ್ನು ಆರಿಸುವುದಿಲ್ಲ. ಶವರ್‌ಗೇ ಬಾಚಣಿಗೆಯ ಹಲ್ಲು ಕೂರಿಸಿದವೂ ಬಂದಿವೆ. ಗಿಡ್ಡ ಕೂದಲಿಗೆ ಸರಿ, ಉದ್ದ ಕೂದಲು ಹಲ್ಲಿಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ.

ಆದರೆ ಇದೆಲ್ಲಕ್ಕಿಂತ ಮುಂಚೆ ನಿಮ್ಮ ಮನೆಯ ನೀರಿನ ಒತ್ತಡ ಗೊತ್ತಿರಬೇಕು. ಎಷ್ಟು ಒಳ್ಳೆಯ ಶವರ್ ತಂದರೂ ಪೈಪಿನಲ್ಲಿ ಇಲ್ಲದ ಒತ್ತಡವನ್ನು ಅದು ಹುಟ್ಟಿಸಲಾರದು. ಮಹಡಿ ಮೇಲಿನ ಟ್ಯಾಂಕಿನಿಂದ ನೀರು ಬರುತ್ತಿದ್ದರೆ ಲೆಕ್ಕ ಸುಲಭ. ನೀರಿನ ಒತ್ತಡವನ್ನು ಬಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಟ್ಯಾಂಕಿನ ನೀರು ಶವರ್‌ಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಸುಮಾರು 1 ಬಾರ್. 3 ಮೀಟರ್ ಎತ್ತರವಿದ್ದರೆ 0.3 ಬಾರ್ ಅಷ್ಟೇ. ಪೈಪಿನ ತಿರುವುಗಳಲ್ಲಿ ಅದರಲ್ಲೂ ಸ್ವಲ್ಪ ಹೋಗುತ್ತದೆ. ಟ್ಯಾಂಕಿನ ಕೆಳಗಿನ ಮಹಡಿಯಲ್ಲೇ ಇರುವವರಿಗೆ ಶವರ್ ಸಪ್ಪೆಯಾಗಿ ಬರುವುದು ಇದೇ ಕಾರಣಕ್ಕೆ. ಒಳ್ಳೆಯ ಶವರ್‌ನ ಡಬ್ಬಿ ಮೇಲೆ ಅಥವಾ ಒಳಗಿನ ಚೀಟಿಯಲ್ಲಿ ಕನಿಷ್ಠ ಎಷ್ಟು ಬಾರ್ ಬೇಕು ಎಂದು ಬರೆದಿರುತ್ತಾರೆ. ಅದನ್ನು ಓದಿ, ನಿಮ್ಮ ಲೆಕ್ಕಕ್ಕೆ ಹೊಂದಿದರೆ ಮಾತ್ರ ಕೊಳ್ಳಿ.

ಲೆಕ್ಕ ಬೇಡ ಎನ್ನುವವರಿಗೆ ಬಕೆಟ್ ಇದೆ. 10 ಲೀಟರ್ ಬಕೆಟ್ ಇಟ್ಟು, ಈಗಿರುವ ಶವರ್ ಪೂರ್ತಿ ಬಿಟ್ಟು ಗಡಿಯಾರ ನೋಡಿ. ಒಂದು ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 10 ಲೀಟರ್. ಎರಡು ನಿಮಿಷ ಬೇಕಾದರೆ 5 ಲೀಟರ್. ಆಮೇಲೆ ಶವರ್ ಹೆಡ್ ಬಿಚ್ಚಿ, ಬರೀ ಪೈಪಿನಿಂದ ಇನ್ನೊಂದು ಸಲ ತುಂಬಿಸಿ. ಬರೀ ಪೈಪಿನಲ್ಲಿ ಜೋರಾಗಿ ಬಂದು ಶವರ್‌ನಲ್ಲಿ ನಿಧಾನವಾದರೆ ಶವರ್ ಕಟ್ಟಿಕೊಂಡಿದೆ, ಇಲ್ಲವೇ ಅದರ ಒಳಗೆ ನೀರು ತಡೆಯುವ ಸಣ್ಣ ಬಿಲ್ಲೆ ಇದೆ. ಪೈಪಿನಲ್ಲೇ ನಿಧಾನವಾದರೆ ಹೊಸ ಶವರ್ ತಂದು ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ, ಮೊದಲು ಪ್ಲಂಬರ್‌ಗೆ ತೋರಿಸಿ.

ಒತ್ತಡ ಕಡಿಮೆಯೇ ಇದ್ದು ಬೇರೆ ದಾರಿಯಿಲ್ಲದಿದ್ದರೆ, ಅಗಲ ಕಡಿಮೆಯಿರುವ, ತೂತು ಕಡಿಮೆಯಿರುವ ಹ್ಯಾಂಡ್ ಶವರ್ ತೆಗೆದುಕೊಳ್ಳಿ. ಒತ್ತಡ ಹೆಚ್ಚಿಸುವ ಶವರ್ ಎಂದು ಮಾರುವುದೂ ಇದನ್ನೇ. ತೂತು ಚಿಕ್ಕದು ಮಾಡಿರುತ್ತಾರೆ, ಅಷ್ಟೇ ನೀರು ಜೋರಾಗಿ ಚಿಮ್ಮುತ್ತದೆ. ತೀರಾ ಚಿಕ್ಕ ತೂತಾದರೆ ಸೂಜಿಯಂತೆ ಚುಚ್ಚುತ್ತದೆ, ಬೇಗ ಕಟ್ಟಿಕೊಳ್ಳುತ್ತದೆ.

ಇನ್‌ಸ್ಟಂಟ್ ಗೀಸರ್ ಇರುವವರು ಒಂದು ವಿಷಯ ನೆನಪಿಡಿ. ಕೆಲವು ಗೀಸರ್‌ಗಳು, ಅದರಲ್ಲೂ ಗ್ಯಾಸಿನವು, ನೀರು ಒಂದು ಮಟ್ಟಕ್ಕಿಂತ ಕಡಿಮೆ ಹರಿದರೆ ಆರಿಹೋಗುತ್ತವೆ. ತೀರಾ ಕಡಿಮೆ ನೀರು ಬಿಡುವ ಶವರ್ ಹಾಕಿದರೆ ತಲೆ ತುಂಬಾ ನೊರೆ ಇರುವಾಗ ತಣ್ಣೀರು ಸುರಿಯುತ್ತದೆ. ಗೀಸರ್ ಮೇಲಿನ ಕನಿಷ್ಠ ಲೀಟರ್ ನೋಡಿಕೊಂಡು ಶವರ್ ಆರಿಸಿ.

ಹಿಡಿಯ ಮೇಲೆ ನೀರು ತಡೆಯುವ ಗುಂಡಿ ಇರುವ ಶವರ್ ನನಗೆ ತುಂಬಾ ಇಷ್ಟ. ಶಾಂಪೂ ಉಜ್ಜುವಾಗ, ಕಂಡೀಷನರ್ ಹಚ್ಚಿ ಕಾಯುವಾಗ ನೀರು ಬೇಡ. ಆಗ ಗುಂಡಿ ಒತ್ತಿದರೆ ಸಾಕು, ನಲ್ಲಿ ತಿರುಗಿಸಿ ಮತ್ತೆ ಬಿಸಿ ತಣ್ಣನೆ ಹೊಂದಿಸುವ ಗೋಜಿಲ್ಲ. ನಿಮಿಷಕ್ಕೆ 9 ಲೀಟರ್ ಬರುವ ಶವರ್ ಅನ್ನು ಮೂರು ನಿಮಿಷ ತಡೆದರೆ 27 ಲೀಟರ್ ಉಳಿಯುತ್ತದೆ. ಉದ್ದ ಕೂದಲಿನವರ ಸ್ನಾನಕ್ಕೆ ನೀರು ಜಾಸ್ತಿ ಬೇಕು ಎನ್ನುವ ಮಾತು ನಿಜವೇ, ಅದಕ್ಕೇ ಈ ಗುಂಡಿ ಮುಖ್ಯ. ಗುಂಡಿ ಒತ್ತಿದ ಮೇಲೂ ಸಣ್ಣಗೆ ನೀರು ಜಿನುಗುತ್ತಿದ್ದರೆ ಹಾಳಾಗಿದೆ ಎಂದುಕೊಳ್ಳಬೇಡಿ. ಬಿಸಿ, ತಣ್ಣೀರಿನ ಪೈಪುಗಳಲ್ಲಿ ಒಂದರ ನೀರು ಇನ್ನೊಂದಕ್ಕೆ ನುಗ್ಗದಿರಲಿ ಎಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ಸ್ನಾನ ಮುಗಿದ ಮೇಲೆ ನಲ್ಲಿಯನ್ನೇ ಪೂರ್ತಿ ನಿಲ್ಲಿಸಬೇಕು.

ಹ್ಯಾಂಡ್ ಶವರ್‌ನ ಪೈಪ್ ಎಷ್ಟು ಉದ್ದವಿದೆ ಎಂದೂ ನೋಡಿ. ಸಾಮಾನ್ಯವಾಗಿ ಸಿಗುವುದು 1.5 ಮೀಟರ್. ನಿಂತು ಸ್ನಾನ ಮಾಡುವವರಿಗೆ ಸಾಕು. ಕೂತು ಮಾಡುವವರಿಗೆ, ಮಕ್ಕಳ ತಲೆ ತೊಳೆಯುವವರಿಗೆ 2 ಮೀಟರ್ ಒಳ್ಳೆಯದು. ಪೈಪ್ ಗಿಡ್ಡವಾದರೆ ಕುತ್ತಿಗೆಯ ಹಿಂದೆ ತರುವಾಗ ಜಗ್ಗುತ್ತದೆ. ಹಿಡಿಯ ಹತ್ತಿರ ತಾನೇ ತಿರುಗುವ ಜೋಡಣೆ ಇದ್ದರೆ ಪೈಪ್ ಹುರಿಯಾಗುವುದಿಲ್ಲ. ಬಹುಪಾಲು ಶವರ್‌ಗಳಿಗೆ ಅರ್ಧ ಇಂಚಿನ ಥ್ರೆಡ್ ಇರುತ್ತದೆ. ಆದರೂ ಹಳೆಯದನ್ನು ಬಿಚ್ಚಿ ಅಂಗಡಿಗೆ ಒಯ್ದರೆ ಅನುಮಾನವೇ ಇರುವುದಿಲ್ಲ. ಪೈಪಿನ ಎರಡೂ ತುದಿಯ ನಟ್ಟಿನಲ್ಲಿ ರಬ್ಬರ್ ವಾಷರ್ ಇದೆಯೇ ನೋಡಿ, ಕೈಯಲ್ಲೇ ಬಿಗಿಯಾಗಿ ತಿರುಗಿಸಿ. ಶವರ್ ಅನ್ನು ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿ ಬಿಡಬೇಡಿ. ಒತ್ತಡ ಇಳಿದಾಗ ಆ ನೀರು ಹಿಂದಕ್ಕೆ ಪೈಪಿಗೆ ಹೋಗುವ ಸಾಧ್ಯತೆ ಇದೆ.

ಗಡಸು ನೀರಿನ ಬಗ್ಗೆ ಹೇಳಲೇಬೇಕು. ಕೂದಲು ಒರಟಾಗುತ್ತದೆ ಎಂದು ಫಿಲ್ಟರ್ ಇರುವ ಶವರ್ ಕೊಳ್ಳುವವರು ಬಹಳ ಜನ. ಕ್ಲೋರಿನ್ ಕಡಿಮೆ ಮಾಡುವ ಫಿಲ್ಟರ್‌ಗಳಿವೆ, ಅದು ಸರಿ. ಆದರೆ ನೀರು ಗಡಸಾಗುವುದು ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂನಿಂದ. ಅದನ್ನು ತೆಗೆಯಲು ದೊಡ್ಡ ಸಾಫ್ಟನರ್ ಬೇಕು, ಅಂದರೆ ಗಡಸು ನೀರನ್ನು ಮೆದು ಮಾಡುವ, ಆಗಾಗ ಉಪ್ಪು ಹಾಕಿ ಮತ್ತೆ ಸಜ್ಜು ಮಾಡುವ ಯಂತ್ರ. ಮುಷ್ಟಿಯಷ್ಟಿರುವ ಫಿಲ್ಟರ್‌ನಿಂದ ಅದು ಆಗುವ ಕೆಲಸವಲ್ಲ. ಫಿಲ್ಟರ್ ಕಟ್ಟಿಕೊಂಡಂತೆ ನೀರೂ ಕಡಿಮೆಯಾಗುತ್ತದೆ, ಉದ್ದ ಕೂದಲಿಗೆ ಅದೇ ಮೊದಲ ತೊಂದರೆ. ಗಡಸು ನೀರಿದ್ದರೆ ತಲೆಗೆ ಸೋಪು ಹಚ್ಚಬೇಡಿ. ಸೋಪು ಈ ನೀರಿನ ಜೊತೆ ಸೇರಿ ಬಿಳಿ ಅಂಟಾಗಿ ಕೂದಲಿಗೆ ಹಿಡಿಯುತ್ತದೆ. ಶಾಂಪೂ ಅಷ್ಟು ಹಿಡಿಯುವುದಿಲ್ಲ.

ಶವರ್‌ಗೂ ಗಡಸು ನೀರು ಶತ್ರು. ತೂತಿನ ಬಾಯಿಗೆ ಬಿಳಿ ಪುಡಿ ಕಟ್ಟಿ ಎಳೆಗಳು ಅಡ್ಡಾದಿಡ್ಡಿ ಚಿಮ್ಮುತ್ತವೆ. ಮೆತ್ತನೆಯ ಸಿಲಿಕೋನ್ ಬಾಯಿ ಇರುವ ಶವರ್ ಆರಿಸಿದರೆ ಹೆಬ್ಬೆರಳಿನಿಂದ ಉಜ್ಜಿದರೂ ಉದುರುತ್ತದೆ. ಗಟ್ಟಿಯಾಗಿ ಹಿಡಿದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ತೊಳೆಯಿರಿ. ಕಪ್ಪು, ಚಿನ್ನದ ಬಣ್ಣದ ಶವರ್‌ಗಳಿಗೆ ಮಾತ್ರ ಹೀಗೆ ಮಾಡುವ ಮೊದಲು ಅದರ ಚೀಟಿ ಓದಿ, ಬಣ್ಣ ಹೋಗಬಹುದು.

ಕೊನೆಗೆ, ಕೈ ಎತ್ತಲಾಗದವರ ವಿಷಯ. ಹೆಗಲು ನೋವಿರುವವರು, ವಯಸ್ಸಾದವರು, ಬಾಣಂತಿಯರು ಉದ್ದ ಕೂದಲು ತೊಳೆಯಲಾಗದೆ ಕತ್ತರಿಸಿಕೊಳ್ಳುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಅಂಥವರಿಗೆ ಭಾರದ ಲೋಹದ ಶವರ್ ಬೇಡ, ಹಗುರವಾದ ಪ್ಲಾಸ್ಟಿಕ್‌ನದ್ದು ತನ್ನಿ. ಹಿಡಿ ದಪ್ಪಗಿರಲಿ, ಸೋಪಿನ ಕೈಯಲ್ಲಿ ಜಾರದಂತೆ ಗೀರುಗಳಿರಲಿ. ಗೋಡೆಗೆ ಉದ್ದನೆಯ ಕಂಬಿ ಹಾಕಿ, ಅದರಲ್ಲಿ ಮೇಲೆ ಕೆಳಗೆ ಸರಿಯುವ ಹಿಡಿಕೆ ಕೂರಿಸಿ. ಸ್ಟೂಲಿನ ಮೇಲೆ ಕೂತಾಗ ಶವರ್ ಹಿಂದಿನಿಂದ ಕುತ್ತಿಗೆಯ ಎತ್ತರಕ್ಕೆ ಬರುವಂತೆ ಹಿಡಿಕೆಯನ್ನು ಇಳಿಸಿದರೆ ಎರಡೂ ಕೈ ಖಾಲಿ ಇರುತ್ತವೆ. ಆಗ ಕೈಗಳನ್ನು ತಲೆಯ ಮೇಲೆ ಎತ್ತಿ ಹಿಡಿಯದೆ, ಕೂದಲನ್ನು ಹೆಗಲ ಮೇಲಿಂದ ಮುಂದಕ್ಕೆ ತಂದು ಸ್ವಲ್ಪ ಸ್ವಲ್ಪವಾಗಿ ತೊಳೆದುಕೊಳ್ಳಬಹುದು. ಆ ಕಂಬಿ ಬರೀ ಶವರ್ ಹಿಡಿಯುವುದಕ್ಕೆ ಇರುವುದು, ಎದ್ದು ನಿಲ್ಲುವಾಗ ಅದನ್ನು ಹಿಡಿದುಕೊಳ್ಳಬಾರದು. ಅದಕ್ಕೆ ಪಕ್ಕದಲ್ಲೇ ಬೇರೆ ಗಟ್ಟಿ ಹಿಡಿಕೆ ಹಾಕಿಸಿ.