ಮೊದಲು ಕಟ್‌ಆಫ್ ನೋಡಿ, ಪಂಚ್ ಆಮೇಲೆ

ನಮಸ್ಕಾರ. ಆರ್‌ಸಿ ಕಾರಿಗೆ, ಅಂದರೆ ರಿಮೋಟ್‌ನಲ್ಲಿ ಓಡುವ ಕಾರಿಗೆ, ಹೊಸ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಹಾಕಿದ ಕೂಡಲೇ ತುಂಬಾ ಜನ ವೇಗದ ಆಸೆಗೆ ಅದರ ಪಂಚ್ ಸೆಟ್ಟಿಂಗ್ ಏರಿಸ್ತಾರೆ, ಟೈಮಿಂಗ್ ಏರಿಸ್ತಾರೆ. ಬ್ಯಾಟರಿ ವೋಲ್ಟೇಜ್ ತೀರಾ ಇಳಿದಾಗ ಮೋಟಾರ್ ನಿಲ್ಲಿಸುವ ಕಟ್‌ಆಫ್ ಕಡೆ ತಿರುಗಿಯೂ ನೋಡುವುದಿಲ್ಲ. ಇದು ಪೂರ್ತಿ ಉಲ್ಟಾ ಅಂತ ನಾನು ಹೇಳ್ತೀನಿ.

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. ಓಡಿಸುತ್ತಾ 3 ವೋಲ್ಟ್‌ಗಿಂತ ಕೆಳಗೆ ಇಳಿಸಿದರೆ ಸೆಲ್ ಒಳಗೇ ಹಾಳಾಗುತ್ತದೆ. ಪ್ಯಾಕ್ ಊದಿಕೊಳ್ಳಬಹುದು. ಅಂಥ ಪ್ಯಾಕನ್ನು ಮತ್ತೆ ಚಾರ್ಜ್‌ಗೆ ಹಾಕಿದರೆ ಬೆಂಕಿಯ ಅಪಾಯ. ಇದನ್ನು ತಡೆಯಲೆಂದೇ ಇಎಸ್‌ಸಿಯಲ್ಲಿ ಕಟ್‌ಆಫ್ ಇರುವುದು.

ಹಾಬಿವಿಂಗ್ ಕಂಪನಿಯ 1060 ಅನ್ನುವ ಇಎಸ್‌ಸಿ ನೋಡಿ. ಹೊಸಬರ ಕಾರುಗಳಲ್ಲಿ ಇದು ತುಂಬಾ ಕಾಣುತ್ತದೆ. ಅದರ ಮೇಲೆ ಎರಡು ಚಿಕ್ಕ ಜಂಪರ್ (ಪಿನ್ ಬದಲಿಸಿ ಚುಚ್ಚಿ ಸೆಟ್ಟಿಂಗ್ ಆರಿಸುವ ತುಂಡು) ಇವೆ. ಒಂದು ಯಾವ ಬಗೆಯ ಬ್ಯಾಟರಿ ಅನ್ನುವುದಕ್ಕೆ, ಇನ್ನೊಂದು ರಿವರ್ಸ್ ಬೇಕಾ ಬೇಡವಾ ಅನ್ನುವುದಕ್ಕೆ. ಬ್ಯಾಟರಿ ಜಂಪರ್ ನಿಮ್ಹ್ (NiMH, ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ) ಕಡೆ ಇದ್ದು, ನೀವು ಲಿಪೋ ಹಾಕಿದರೆ? ಕಾರು ಚೆನ್ನಾಗಿಯೇ ಓಡುತ್ತದೆ. ಅದೇ ಸಮಸ್ಯೆ. ನಿಮ್ಹ್ ಸೆಲ್ 1.2 ವೋಲ್ಟಿನದು, ಅದರ ಕಟ್‌ಆಫ್ ತುಂಬಾ ಕೆಳಗಿದೆ. ಅಲ್ಲಿಗೆ ಇಳಿಯುವಷ್ಟರಲ್ಲಿ ಲಿಪೋ ಕಥೆ ಮುಗಿದಿರುತ್ತದೆ.

ಈಗ ಪಂಚ್ ವಿಷಯ. ಪಂಚ್ ಅಂದರೆ ಟ್ರಿಗರ್ ಒತ್ತಿದಾಗ ಕಾರು ಎಷ್ಟು ಜೋರಾಗಿ ಮುಂದೆ ನುಗ್ಗಬೇಕು ಅನ್ನುವುದು. ಜಾಸ್ತಿ ಇಟ್ಟರೆ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ಪ್ಯಾಕಿನ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ, ಹಳೇ ಪ್ಯಾಕ್ ಆದರೆ ಇನ್ನೂ ಜಾಸ್ತಿ. ಕಟ್‌ಆಫ್ ಬೇಗ ಬಿದ್ದುಬಿಡುತ್ತದೆ. "ಇದ್ಯಾಕೋ ಸುಮ್ನೆ ನಿಲ್ತಿದೆ" ಅಂತ ಜನ ಕಟ್‌ಆಫನ್ನೇ ತೆಗೆದುಹಾಕ್ತಾರೆ! ದಯವಿಟ್ಟು ಹಾಗೆ ಮಾಡಬೇಡಿ. ಪಂಚ್ ಇಳಿಸಿ, ಇಲ್ಲವೇ ಒಳ್ಳೇ ಪ್ಯಾಕ್ ಹಾಕಿ.

ಟೈಮಿಂಗ್, ಅಂದರೆ ಮೋಟಾರಿನ ಸುರುಳಿಗಳಿಗೆ ಕರೆಂಟ್ ಎಷ್ಟು ಮುಂಚೆ ಕೊಡಬೇಕು ಅನ್ನುವುದು, ಅದೂ ಹಾಗೇ. ವೇಗ ಸ್ವಲ್ಪ ಏರುತ್ತದೆ, ಅದರ ಜೊತೆ ಮೋಟಾರ್ ಬಿಸಿಯೂ ಏರುತ್ತದೆ. ಬಿಸಿ ಮಿತಿ ದಾಟಿದರೆ ಮೋಟಾರಿನ ಮ್ಯಾಗ್ನೆಟ್ ಬಲ ಕಳೆದುಕೊಳ್ಳುತ್ತದೆ. ಅದು ಮತ್ತೆ ವಾಪಸ್ ಬರುವುದಿಲ್ಲ.

ಕ್ಯಾಲಿಬ್ರೇಶನ್ ಬಗ್ಗೆಯೂ ಒಂದು ಮಾತು. ಹಾಬಿವಿಂಗ್‌ನದೇ 10ಬಿಎಲ್60 ತರಹದ ಬ್ರಷ್‌ಲೆಸ್ (ಬ್ರಷ್ ಇಲ್ಲದ ಮೋಟಾರ್ ಓಡಿಸುವ) ಇಎಸ್‌ಸಿಗೆ ನಿಮ್ಮ ರಿಮೋಟಿನ ನ್ಯೂಟ್ರಲ್, ಫುಲ್ ಥ್ರಾಟಲ್, ಫುಲ್ ಬ್ರೇಕ್ ಎಲ್ಲಿದೆ ಅಂತ ನೀವೇ ಕಲಿಸಬೇಕು. ಮೊದಲು ರಿಮೋಟ್ ಆನ್, ಥ್ರಾಟಲ್ ಟ್ರಿಮ್ (ನ್ಯೂಟ್ರಲ್ ಸ್ಥಾನ ಅತ್ತಿತ್ತ ಸರಿಸುವ ಗುಂಡಿ) ಸೊನ್ನೆಗೆ. ಸೆಟ್ ಬಟನ್ ಒತ್ತಿಹಿಡಿದು ಇಎಸ್‌ಸಿ ಆನ್ ಮಾಡಿ, ದೀಪ ಮಿನುಗಿದಾಗ ಬಿಡಿ. ಆಮೇಲೆ ಮೂರೂ ಸ್ಥಾನ ಒಂದೊಂದಾಗಿ ತೋರಿಸಿ, ಪ್ರತಿ ಸಲ ಬಟನ್ ಒತ್ತಿ. ಚಕ್ರಗಳು ಮಾತ್ರ ನೆಲಕ್ಕೆ ತಾಗಬಾರದು. ಇದನ್ನು ಬಿಟ್ಟರೆ ಟ್ರಿಗರ್ ಪೂರ್ತಿ ಒತ್ತಿದರೂ ಪೂರ್ತಿ ವೇಗ ಸಿಗದೇ ಹೋಗಬಹುದು. ಆಗ ಜನ ಮತ್ತೆ ಕೈ ಹಾಕುವುದು ಪಂಚ್‌ಗೇ!

ಆರ್‌ಸಿ ಮಾರುವವರಲ್ಲಿ ಒಂದು ಕೋರಿಕೆ. ಲಿಪೋ ಜೊತೆ ಕಾರು ಕೊಡುವಾಗ ಆ ಜಂಪರ್ ಎಲ್ಲಿದೆ ಅಂತ ಡಬ್ಬಿ ತೆರೆದು ನೋಡಿ, ಲಿಪೋ ಕಡೆ ಇಟ್ಟು ಕೊಡಿ. ಎಷ್ಟೋ ಸಲ ಅದನ್ನು ಓಡಿಸುವುದು ಒಂದು ಮಗು. ಪ್ಯಾಕ್ ಚಾರ್ಜ್ ಆಗುವುದು ಆ ಮಗು ಮಲಗುವ ಕೋಣೆಯಲ್ಲೇ.