ಕಣ್ಣಿನ ಕೆಲಸದವರ ಬೆಳಕು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಮುಖದ ಮೇಲೆ ಬೀಳುವ ಬೆಳಕಿನ ಬಗ್ಗೆ ಮಾತಾಡುತ್ತೇನೆ. ರೇಡಿಯೋದಲ್ಲಿ ಫೋಟೋ ತೋರಿಸಲು ಆಗುವುದಿಲ್ಲ, ನಿಜ. ಆದರೆ ನಾನು ಹೇಳುವ ಜಾಗಗಳನ್ನೆಲ್ಲ ನೀವು ನೋಡಿಯೇ ಇರುತ್ತೀರಿ, ಹಾಗಾಗಿ ಮಾತಿನಲ್ಲೇ ನಡೆಯುತ್ತದೆ.

ಪೋರ್ಟ್ರೇಟ್ ಫೋಟೋ ಕಲಿಯಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಲೈಟು, ಸ್ಟ್ಯಾಂಡು, ಬೆಳಕನ್ನು ಮೆತ್ತಗೆ ಮಾಡುವ ಸಾಫ್ಟ್‌ಬಾಕ್ಸ್ ಕೊಳ್ಳುತ್ತಾರೆ. ಕೊಳ್ಳಲಿ, ತಪ್ಪಿಲ್ಲ. ನಾನು ಬೇರೆ ದಾರಿ ಹಿಡಿದೆ. ಮೈಸೂರಿನ ಹಳೇ ಬೀದಿಗಳಲ್ಲಿ ಕಣ್ಣಿಟ್ಟು ಕೆಲಸ ಮಾಡುವವರನ್ನು, ಅಂದರೆ ಟೈಲರ್, ಅಕ್ಕಸಾಲಿ, ವಾಚ್ ರಿಪೇರಿಯವರು, ಕಟಿಂಗ್ ಶಾಪಿನವರು, ಹೂ ಕಟ್ಟುವವರು, ಇಂಥವರನ್ನು ಅವರು ಕೂತ ಜಾಗದಲ್ಲೇ ಅವರದೇ ಬೆಳಕಿನಲ್ಲಿ ತೆಗೆಯುವುದು. ನಾನು ಒಂದು ದೀಪವನ್ನೂ ತರುವಂತಿಲ್ಲ, ಅದೊಂದೇ ಕಟ್ಟುಪಾಡು. ಯಾಕೆಂದರೆ ಸೂಜಿಗೆ ದಾರ ಪೋಣಿಸುವವರು ಕೆಟ್ಟ ಬೆಳಕಿನಲ್ಲಿ ಕೂರುವುದಿಲ್ಲ. ಅಂಗಡಿ ಎಷ್ಟೇ ಚಿಕ್ಕದಿರಲಿ, ಯಾವ ಮೂಲೆಯಲ್ಲಿ ಎಷ್ಟು ಹೊತ್ತಿಗೆ ಏನು ಕಾಣುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ನಾನು ಅವರ ಹತ್ತಿರ ಪಾಠಕ್ಕೆ ಹೋದೆ, ಅಷ್ಟೇ.

ಟೈಲರ್ ಅಂಗಡಿ ನೋಡಿ. ಮೆಷಿನ್ನು ಯಾವಾಗಲೂ ಬಾಗಿಲ ಹತ್ತಿರವೇ ಇರುತ್ತದೆ, ಅಲ್ವಾ? ಬಿಸಿಲು ಒಳಗೆ ನೇರವಾಗಿ ಬೀಳಬಾರದು, ಆದರೆ ಬೀದಿಯ ಬೆಳಕು ಪೂರ್ತಿ ಬರಬೇಕು. ಎದುರುಗಡೆ ಸುಣ್ಣ ಹೊಡೆದ ಗೋಡೆ ಇದ್ದರಂತೂ ಕೇಳುವುದೇ ಬೇಡ, ಬಿಸಿಲು ಆ ಗೋಡೆಗೆ ಬಡಿದು, ಹರಡಿ, ಮೆತ್ತಗಾಗಿ ಅಂಗಡಿಯೊಳಗೆ ಬರುತ್ತದೆ. ಬೆಳಕು ಮೆತ್ತಗಿದೆಯೋ ಗಡುಸಾಗಿದೆಯೋ ಅನ್ನುವುದನ್ನು ನಿರ್ಧರಿಸುವುದು, ಮುಖ ಇರುವ ಜಾಗದಿಂದ ನೋಡಿದರೆ ಆ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಸೂರ್ಯ ಎಷ್ಟೇ ದೊಡ್ಡವನಾದರೂ ನಮಗೆ ಒಂದು ಚಿಕ್ಕ ಬಿಲ್ಲೆ, ಅದಕ್ಕೇ ಅವನ ನೆರಳು ಚಾಕುವಿನಂತೆ. ಬಾಗಿಲು ಹಾಗಲ್ಲ. ಪಕ್ಕದಲ್ಲೇ ಕೂತವರಿಗೆ ಬಾಗಿಲೇ ಒಂದು ಆಳೆತ್ತರದ ದೀಪ. ಅದೇ ಟೈಲರ್ ಅಣ್ಣ ಬಟ್ಟೆ ತರಲು ಒಳಗಿನ ಕಪಾಟಿನ ಹತ್ತಿರ ಹೋದರೆ ಬಾಗಿಲು ದೂರವಾಗಿ ಚಿಕ್ಕದಾಗುತ್ತದೆ, ಮೂಗಿನ ನೆರಳಿನ ಅಂಚು ಗಟ್ಟಿಯಾಗುತ್ತದೆ. ಅದೇ ಅಂಗಡಿ, ಅದೇ ಬಾಗಿಲು, ನಾಲ್ಕು ಹೆಜ್ಜೆಯ ವ್ಯತ್ಯಾಸ.

ಅವರು ಮೆಷಿನ್ನಿಂದ ತಲೆ ಎತ್ತಿ ಅರ್ಧ ಒಳಕ್ಕೆ ತಿರುಗಿದಾಗ ಇನ್ನೊಂದು ವಿಷಯ ಆಗುತ್ತದೆ. ಬಾಗಿಲ ಕಡೆಯ ಕೆನ್ನೆ ಪೂರ್ತಿ ಬೆಳಗಿರುತ್ತದೆ, ಒಳಗಡೆಯ ಕೆನ್ನೆ ನೆರಳಲ್ಲಿರುತ್ತದೆ, ಆದರೆ ಆ ನೆರಳಿನಲ್ಲೂ ಕಣ್ಣಿನ ಕೆಳಗೆ ಒಂದು ಪುಟ್ಟ ತ್ರಿಕೋನದಷ್ಟು ಬೆಳಕು ಉಳಿದಿರುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಿನಲ್ಲಿ ಸ್ಟುಡಿಯೋದವರು ಕಲಿಸುವುದು ಇದನ್ನೇ. ಮುಖ ಒಂದಿಷ್ಟು ಜಾಸ್ತಿ ತಿರುಗಿದರೆ ತ್ರಿಕೋನ ಮಾಯ, ಕಡಿಮೆ ತಿರುಗಿದರೆ ಮುಖ ಚಪ್ಪಟೆ. ನಾನು ಅವರಿಗೆ ತಿರುಗಿ ಅಂತ ಹೇಳುವುದಿಲ್ಲ. ಗಿರಾಕಿ ಬಂದಾಗ ಅವರೇ ತಿರುಗುತ್ತಾರೆ, ಕಾಯಬೇಕು.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಯುರೋಪಿನ ಕಡೆಯವರು ಬರೆದ ಪುಸ್ತಕಗಳಲ್ಲಿ ಉತ್ತರದ ಕಿಟಕಿಯೇ ಶ್ರೇಷ್ಠ, ಅಲ್ಲಿಂದ ಬಿಸಿಲು ನೇರ ಬರುವುದಿಲ್ಲ ಅಂತ ಇರುತ್ತದೆ. ಅವರ ಊರಿಗೆ ಅದು ಸರಿ. ನಮ್ಮ ಮೈಸೂರು, ಬೆಂಗಳೂರು ಇರುವುದು 12, 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ಮಧ್ಯಾಹ್ನ ನಮ್ಮ ನೆತ್ತಿಗೆ ಬರುತ್ತಾನೆ, ಅದನ್ನೇ ಶೂನ್ಯ ನೆರಳಿನ ದಿನ ಅನ್ನುವುದು. ಆಮೇಲೆ ಆಗಸ್ಟ್ ಮೂರನೇ ವಾರದ ತನಕ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆಯೇ ಇರುತ್ತಾನೆ. ಹಾಗಾಗಿ ಚಳಿಗಾಲದಲ್ಲಿ ಚೆನ್ನಾಗಿದ್ದ ಉತ್ತರದ ಬಾಗಿಲು ಜೂನ್‌ನಲ್ಲಿ ಮೋಡ ಸರಿದ ತಕ್ಷಣ ಬೇರೆಯೇ ಆಗಿರುತ್ತದೆ. ಪುಸ್ತಕ ಓದಿ, ಆದರೆ ನಿಮ್ಮ ಊರಿನ ಸೂರ್ಯನನ್ನು ನೀವೇ ನೋಡಬೇಕು.

ಕಟಿಂಗ್ ಶಾಪು ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ಎದುರುಬದುರು ಕನ್ನಡಿಗಳು, ಕನ್ನಡಿ ಮೇಲೆ ಟ್ಯೂಬ್‌ಲೈಟು, ಕೂತವರ ಎದೆ ಮೇಲೆ ಬಿಳಿ ಬಟ್ಟೆ. ಮುಂದಿನಿಂದ, ಮೇಲಿನಿಂದ ಒಂದು ಬೆಳಕು ಬರುತ್ತದೆ. ಅದೇ ಬೆಳಕು ಬಿಳಿ ಬಟ್ಟೆಗೆ ಬಡಿದು ಕೆಳಗಿನಿಂದ ಮೇಲಕ್ಕೆ ಹೋಗಿ ಗಲ್ಲದ ಕೆಳಗಿನ, ಕಣ್ಣಿನ ಗುಳಿಯ ಕಪ್ಪನ್ನು ತೆಗೆದುಹಾಕುತ್ತದೆ. ಬಗ್ಗಿ ಕತ್ತರಿ ಆಡಿಸುವವರ ಮುಖಕ್ಕೂ ಅದರ ಪಾಲು ಸಿಗುತ್ತದೆ. ಜಾಹೀರಾತಿನ ಸ್ಟುಡಿಯೋಗಳಲ್ಲಿ ಮೇಲೊಂದು ದೊಡ್ಡ ಲೈಟು, ಕೆಳಗೊಂದು ರಿಫ್ಲೆಕ್ಟರ್ ಇಟ್ಟು ಮಾಡುವುದು ಇದೇ ಕೆಲಸ. ಬಟ್ಟೆ ತೆಗೆದ ಕ್ಷಣ ಮುಖದಲ್ಲಿ ಹತ್ತು ವರ್ಷ ಜಾಸ್ತಿ ಕಾಣುತ್ತದೆ, ಬೇಕಾದರೆ ಮುಂದಿನ ಸಲ ಹೋದಾಗ ಕನ್ನಡಿಯಲ್ಲಿ ನೀವೇ ನೋಡಿ.

ಬಟ್ಟೆ, ಕನ್ನಡಿ ಅಂದರೆ ಸಣ್ಣ ವಿಷಯವಲ್ಲ ಸ್ವಾಮಿ. 1956ರಲ್ಲಿ ಬಂದ 'ಅಪರಾಜಿತೊ' ಚಿತ್ರಕ್ಕೆ ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಸೆಟ್ಟಿನಲ್ಲಿ ಹಾಕಿದ ಬನಾರಸ್ ಮನೆಯ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಆ ಬಟ್ಟೆಗೆ ತಿರುಗಿಸಿ, ಮೇಲಿನಿಂದ ಇಳಿಯುವ ಆಕಾಶದ ಬೆಳಕನ್ನೇ ತಂದರು. ಕನ್ನಡಿಯ ವಿಷಯಕ್ಕೆ ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಇದ್ದಾರೆ. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಇಳಿಯುವ ಆ ಬೆಳಕಿನ ಕಂಬವನ್ನು ಅವರು ಮಾಡಿದ್ದು ಹೊರಗಿನ ಬಿಸಿಲಿನಿಂದ. ದೊಡ್ಡ ಕನ್ನಡಿಗಳಲ್ಲಿ ಬಿಸಿಲನ್ನು ಹಿಡಿದು ಒಳಗೆ ತಿರುಗಿಸಿದರು. ಛಾಯಾಗ್ರಾಹಕರೊಬ್ಬರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲು ಬಂದದ್ದು ಅವರಿಗೇ. ಮೈಸೂರಿನಲ್ಲಿ ಕ್ಯಾಮೆರಾ ಹಿಡಿದವರೆಲ್ಲ ಅವರ ಬಗ್ಗೆ ತಿಳಿದಿರಬೇಕು ಅಂತ ನನ್ನ ಆಸೆ.

ಅಕ್ಕಸಾಲಿಗಳ ಅಂಗಡಿಗೆ ಬರೋಣ. ಒಳಗೆ ಕತ್ತಲು, ಒಂದೇ ಒಂದು ಟೇಬಲ್ ಲ್ಯಾಂಪು, ಅದೂ ಕೈಗೆ ತಾಗುವಷ್ಟು ತಗ್ಗಿನಲ್ಲಿ. ಒಂದು ಬಲ್ಬಿನಿಂದ ಒಂದಡಿ ದೂರದಲ್ಲಿರುವ ಮುಖಕ್ಕೆ ಎಷ್ಟು ಬೆಳಕು ಸಿಗುತ್ತದೋ, ಎರಡಡಿಯಲ್ಲಿ ಅದರ ಕಾಲು ಭಾಗ, ನಾಲ್ಕಡಿಯಲ್ಲಿ ಹದಿನಾರನೇ ಒಂದು ಭಾಗ. ಹಾಗಾಗಿ ಹಿಂದಿನ ಗೋಡೆ, ಕ್ಯಾಲೆಂಡರು, ಕಬ್ಬಿಣದ ಬೀರು ಎಲ್ಲ ತಾನಾಗಿಯೇ ಕತ್ತಲಲ್ಲಿ ಮುಳುಗಿ ಮುಖ ಒಂದೇ ಉಳಿಯುತ್ತದೆ. ಕಪ್ಪು ಪರದೆ ಬೇಕಾಗಿಲ್ಲ. ಒಂದೇ ತೊಡಕು, ಲ್ಯಾಂಪು ಗಲ್ಲಕ್ಕಿಂತ ಕೆಳಗಿರುವುದರಿಂದ ಮುಖಕ್ಕೆ ಕೆಳಗಿನ ಬೆಳಕು ಬಿದ್ದು ನಾಟಕದ ರಾಕ್ಷಸನ ಹಾಗೆ ಕಾಣುತ್ತದೆ. ಆದರೆ ಆಚಾರ್ರು ಆಗಾಗ ಕೆಲಸ ನಿಲ್ಲಿಸಿ, ಲ್ಯಾಂಪಿನ ಮೂತಿ ಮೇಲಕ್ಕೆ ಎತ್ತಿ, ಓಲೆಯನ್ನು ಕಣ್ಣೆತ್ತರಕ್ಕೆ ಹಿಡಿದು ಬೆಸುಗೆ ನೋಡುತ್ತಾರೆ. ಆಗ ಬೆಳಕು ಮುಂದಿನಿಂದ ಬರುತ್ತದೆ, ಕಣ್ಣೊಳಗೆ ಒಂದು ಚುಕ್ಕೆ ಹೊಳೆಯುತ್ತದೆ. ಆ ಚುಕ್ಕೆ ಇಲ್ಲದ ಕಣ್ಣು ಎಷ್ಟು ಚೆನ್ನಾಗಿದ್ದರೂ ಫೋಟೋದಲ್ಲಿ ಸತ್ತ ಹಾಗೆ ಕಾಣುತ್ತದೆ.

ವಾಚ್ ರಿಪೇರಿಯವರಿಗೆ ಕನ್ನಡಕ. ಗಾಜಿನಲ್ಲಿ ಲ್ಯಾಂಪು ಬಿಳಿ ತೇಪೆಯಾಗಿ ಕೂರುತ್ತದೆ. ಬೆಳಕು ಯಾವ ಕೋನದಲ್ಲಿ ಬಂತೋ ಅದೇ ಕೋನದಲ್ಲಿ ವಾಪಸ್ ಹೋಗುತ್ತದೆ, ಆದ್ದರಿಂದ ಅವರು ಗಲ್ಲ ಒಂಚೂರು ಇಳಿಸಿದರೆ ಸಾಕು, ಇಲ್ಲದಿದ್ದರೆ ನಾನೇ ಪಕ್ಕಕ್ಕೆ ಸರಿದರೂ ಆಯಿತು.

ಹೂ ಮಾರುವ ಅಮ್ಮಂದಿರ ತಲೆ ಮೇಲೆ ನೀಲಿ ಟಾರ್ಪಾಲು. ಮುಖ ಪೂರ್ತಿ ಟಾರ್ಪಾಲಿನ ಕೆಳಗಿದ್ದರೆ ವೈಟ್ ಬ್ಯಾಲೆನ್ಸ್‌ನಲ್ಲಿ, ಅಂದರೆ ಕ್ಯಾಮೆರಾದಲ್ಲಿ ಬಣ್ಣ ಹೊಂದಿಸುವ ಸೆಟ್ಟಿಂಗಿನಲ್ಲಿ, ಒಂದಿಷ್ಟು ಸರಿಮಾಡಬಹುದು. ಅರ್ಧ ಮುಖಕ್ಕೆ ನೀಲಿ, ಅರ್ಧಕ್ಕೆ ಬಿಸಿಲು ಬಿದ್ದರೆ ಯಾವ ಸಾಫ್ಟ್‌ವೇರೂ ಸುಲಭವಾಗಿ ಸರಿಮಾಡುವುದಿಲ್ಲ. ಅಮ್ಮ, ಒಂದು ಚೂರು ಹಿಂದೆ ಸರೀತೀರಾ ಅಂತ ಕೇಳುವುದೇ ಅದಕ್ಕೆ ಮದ್ದು.

ಈಗ ನನಗೆ ತುಂಬ ಮುಖ್ಯ ಅನ್ನಿಸುವ ಮಾತು. ಬೆಳಕು ಅಳೆಯುವ ಕ್ಯಾಮೆರಾದ ಮೀಟರು ತನ್ನ ಎದುರಿಗಿರುವುದೆಲ್ಲ ಸರಾಸರಿ ಬೂದು ಬಣ್ಣದ್ದು ಅಂದುಕೊಳ್ಳುತ್ತದೆ. ಹಾಗಾಗಿ ಬಿಳಿ ಪಂಚೆ, ಬಿಳಿ ಗೋಡೆ ಜಾಸ್ತಿ ಇದ್ದರೆ ಕಪ್ಪು ಮೈಬಣ್ಣದ ಮುಖ ಇದ್ದದ್ದಕ್ಕಿಂತ ಮಂಕಾಗುತ್ತದೆ, ಹಿನ್ನೆಲೆ ಕಪ್ಪಾಗಿದ್ದರೆ ಅದೇ ಮುಖ ಇದ್ದದ್ದಕ್ಕಿಂತ ಬೆಳ್ಳಗಾಗುತ್ತದೆ. ಎರಡೂ ಸುಳ್ಳು. ಮುಖವನ್ನೇ ನೋಡಿ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದನ್ನು, ಇಡಬೇಕು. ಕಪ್ಪು ಚರ್ಮದ ಅಂದ ಇರುವುದು ಅದರ ಹೊಳಪಿನಲ್ಲಿ. ದೊಡ್ಡ ಬಾಗಿಲಿನ ಬೆಳಕು ಪಕ್ಕದಿಂದ ಬಂದಾಗ ಕೆನ್ನೆಯೆಲುಬಿನ ಮೇಲೆ, ಹಣೆಯ ಮೇಲೆ ಆ ಹೊಳಪು ಉದ್ದಕ್ಕೆ ಹರಡಿ ಮುಖದ ಆಕಾರ ಎದ್ದು ಬರುತ್ತದೆ. ಟೈಲರ್ ಅಣ್ಣನ ಫೋಟೋ ಪ್ರಿಂಟಿಗೆ ಕೊಟ್ಟಾಗ ಲ್ಯಾಬಿನವರು ಕೇಳದೆಯೇ ಮುಖ ಬೆಳ್ಳಗೆ ಮಾಡಿ ಕೊಟ್ಟರು, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ನಾನು ವಾಪಸ್ ಕೊಟ್ಟು ಇದ್ದ ಹಾಗೇ ಹಾಕಿಸಿದೆ. ಟೈಲರ್ ಅಣ್ಣನ ಅಪ್ಪನ ಮುಖದ ಬಣ್ಣ ಇದು, ಅವರದೂ ಇದೇ, ಅದನ್ನು ತೆಗೆದುಹಾಕುವ ಹಕ್ಕು ನನಗಿಲ್ಲ. ಪ್ರಿಂಟ್ ಕೈಗಿಟ್ಟಾಗ ಅವರು ಮೊದಲು ನೋಡಿದ್ದು ತಮ್ಮ ಮುಖವನ್ನಲ್ಲ, ತೊಟ್ಟಿದ್ದ ಅಂಗಿಯ ಕಾಲರ್ ಹೊಲಿಗೆಯನ್ನು.

ಈಗ ರಾತ್ರಿ ಕೆಲಸದವರನ್ನು ಶುರು ಮಾಡಿದ್ದೇನೆ. ಪಂಕ್ಚರ್ ಅಂಗಡಿ, ಬೆಳಗಿನ ಜಾವ ಬೀದಿ ದೀಪದ ಕೆಳಗೆ ಪೇಪರ್ ಜೋಡಿಸುವ ಹುಡುಗರು. ನಮ್ಮ ಕರೆಂಟು 50 ಹರ್ಟ್ಜ್‌ನದು, ಸಾಕಷ್ಟು ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ಶಟರ್ ಸ್ಪೀಡ್ ಜಾಸ್ತಿ ಇಟ್ಟರೆ, ಅಂದರೆ ಶಟರ್ ತೆರೆದಿರುವ ಹೊತ್ತು ತೀರಾ ಕಡಿಮೆಯಾದರೆ, ಫೋಟೋದಲ್ಲಿ ಪಟ್ಟೆಗಳು ಬರುತ್ತವೆ. ಸೆಕೆಂಡಿನ ನೂರನೇ ಒಂದು ಭಾಗ ಅಥವಾ ಐವತ್ತನೇ ಒಂದು ಭಾಗ ಇಟ್ಟುಕೊಂಡರೆ ಆ ಕಾಟ ಇರುವುದಿಲ್ಲ. ಪೇಪರ್ ಹುಡುಗರ ಕೈ ಅಷ್ಟು ಹೊತ್ತಿನಲ್ಲಿ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ, ಅದು ಮಸುಕಾದರೆ ಆಗಲಿ. ಮುಖ ನಿಂತರೆ ಸಾಕು.

ನಮಸ್ಕಾರ.