ಕೋಡು ವಾಲುವ ತನಕ ಕಾಯಬ್ಯಾಡ್ರಿ

ರೈತ ಬಾಂಧವರಿಗೆ, ದನದ ಚಾಕರಿ ಮಾಡುವ ತಾಯಂದಿರಿಗೆ ನಮಸ್ಕಾರ. ಎತ್ತಿನ ಕೋಡಿಗೆ ಕ್ಯಾನ್ಸರ್ ಆದರೆ ಆಪರೇಶನ್ ಮಾಡಿಸಬೇಕೋ ಬೇಡವೋ, ಇವತ್ತು ಇದೊಂದೇ ಮಾತು. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಮಾಡಿಸ್ರಿ, ಕೋಡು ನೆಟ್ಟಗೆ ನಿಂತಿರುವಾಗಲೇ ಮಾಡಿಸ್ರಿ.

ಬೆಳೆದ ಎತ್ತಿನ ಕೋಡು ಒಳಗೆ ಪೊಳ್ಳು. ಆ ಪೊಳ್ಳು ಹಣೆಯ ಎಲುಬಿನ ಪೊಳ್ಳಿಗೆ, ಅಲ್ಲಿಂದ ಮೂಗಿಗೆ ಕೂಡಿಕೊಂಡಿದೆ. ರೋಗ ಹುಟ್ಟುವುದು ಕೋಡಿನ ಒಳಪೊರೆಯಲ್ಲಿ. ಅದಕ್ಕೇ ಮೊದಲ ಗುರುತು ಎಷ್ಟೋ ಸಲ ಮೂಗಿನಲ್ಲಿ ಕಾಣುತ್ತದೆ: ಆ ಬದಿಯ ಒಂದೇ ಹೊಳ್ಳೆಯಿಂದ ರಕ್ತ ಬೆರೆತ ಸಿಂಬಳ. ಎರಡೂ ಹೊಳ್ಳೆ ಸುರಿದರೆ ನೆಗಡಿ ಇದ್ದೀತು. ಒಂದೇ ಹೊಳ್ಳೆ ಅಂದರೆ ಕೋಡು ಬಡಿದು ನೋಡ್ರಿ. ಗಳೆ ಹೂಡದ ಸೋಮವಾರ ಇದಕ್ಕೆ ಒಳ್ಳೆಯ ದಿನ. ಬೆರಳ ಗೆಣ್ಣಿನಿಂದ ಎರಡೂ ಕೋಡಿನ ಬುಡಕ್ಕೆ ತಟ್ಟಿರಿ. ಒಳ್ಳೆಯ ಕೋಡು ಖಾಲಿ ಕೊಡದಂತೆ ಸಪ್ಪಳ ಮಾಡುತ್ತದೆ. ರೋಗದ್ದು ಕಾಳು ತುಂಬಿದ ಚೀಲ ಬಡಿದಂತೆ, ಮಂದ. ಬುಡ ಮುಟ್ಟಿದರೆ ಬಿಸಿ.

ಸವಣೂರ ಕಡೆಯ ಒಂದು ಖಿಲಾರಿ ಎತ್ತಿನ ಸಂಗತಿ ಕೇಳ್ರಿ. ಏಳು ವರ್ಷದ್ದು, ಜೋಡಿ ನೋಡಿದರೆ ಕಣ್ಣು ತುಂಬುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ಎಡ ಹೊಳ್ಳೆ ಸುರಿಯಿತು. ಥಂಡಿ ಅಂತ ಕಷಾಯ ಕುಡಿಸಿದರು. ಆಮೇಲೆ ತಲೆ ಕೊಡವತೊಡಗಿತು, ಗೋದಲಿಯ ಕಂಬಕ್ಕೆ ಕೋಡು ತಿಕ್ಕಿತು. ಕಿವಿಯಲ್ಲಿ ಉಣ್ಣಿ ಇರಬೇಕೆಂದು ಎಣ್ಣೆ ಬಿಟ್ಟರು. ಕಾರಹುಣ್ಣಿವೆಗೆ ಕೋಡು ಹೆರೆದು, ಬಣ್ಣ ಬಳಿದು, ಕೋಡಣಸು ಹಾಕಿ ಮೆರೆಸಿದರು. ಅವತ್ತಿಗೇ ಕೋಡು ಒಂದು ಬೆರಳಷ್ಟು ವಾಲಿತ್ತು! ಡಾಕ್ಟರು ತೆಗೆಯೋಣ ಅಂದರೆ ಮನೆಯ ಹಿರಿಯರು, "ಒಂಟಿಗೋಡಿನ ಎತ್ತು ಅಂಗಳದಾಗ ನಿಂತರ ಮಂದಿ ಏನಂದಾರು, ಹಾವೇರಿ ಸಂತ್ಯಾಗ ಈ ಜೋಡೀನ ಯಾರು ಕೇಳತಾರ" ಎಂದರು. ಶ್ರಾವಣ ಕಳೆದು ಕರೆತಂದಾಗ ಕೋಡು ಬುಡ ಬಿಟ್ಟು ಜೋತಾಡುತ್ತಿತ್ತು. ಒಳಗೆ ಹೂಕೋಸಿನಂಥ ಮಾಂಸ, ಅದರಲ್ಲಿ ಹುಳ. ಹಣೆ ಊದಿ ಕಣ್ಣು ಮುಂದೆ ಬಂದಿತ್ತು, ಕಿವಿಯ ಕೆಳಗೆ ಗಂಟು. ಆ ಹಂತದಲ್ಲಿ ಕೊಯ್ದರೆ ಎತ್ತಿಗೆ ನೋವಷ್ಟೇ ಹೆಚ್ಚು. ಆಗ ಆಪರೇಶನ್ ಬೇಡವೆನ್ನುವುದೇ ಸರಿ. ಕೋಡು ನೆಟ್ಟಗಿದ್ದಾಗ ಬರಬೇಕಿತ್ತು. ನೊಗ ಕೂಡುವುದು ಹೆಗಲ ಮೇಲೆ, ಕೋಡಿನ ಮೇಲಲ್ಲ. ಒಂಟಿಗೋಡಿನ ಎತ್ತು ಚಲೋ ಗಳೆ ಹೊಡೆಯುತ್ತದೆ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಆಪರೇಶನ್‌ಗೆ ಮುಂಚೆ 24 ಗಂಟೆ ಮೇವು, 12 ಗಂಟೆ ನೀರು ನಿಲ್ಲಿಸ್ರಿ. ಹೊಟ್ಟೆ ತುಂಬಿದ ಎತ್ತನ್ನು ಕೆಡವಿದರೆ ಹೊಟ್ಟೆ ಉಬ್ಬುತ್ತದೆ, ಮೇವು ಶ್ವಾಸನಾಳಕ್ಕೆ ಇಳಿಯುತ್ತದೆ. ಕಣ್ಣಿನ ಹೊರಮೂಲೆ ಮತ್ತು ಕೋಡಿನ ಬುಡ, ಇವೆರಡರ ನಡುವೆ ಸೂಜಿ ಚುಚ್ಚಿ ನರ ಜೋಮು ಹಿಡಿಸುತ್ತಾರೆ. ಆಮೇಲೆ ತಂತಿ ಗರಗಸದಿಂದ ಬುಡಸಮೇತ ಕೋಡು ತೆಗೆಯುತ್ತಾರೆ. "ಚೂರು ಬಿಟ್ಟು ಕೊಯ್ರಿ, ಚಂದ ಕಾಣತದ" ಅಂತ ದಯವಿಟ್ಟು ಕೇಳಬ್ಯಾಡ್ರಿ. ಬಿಟ್ಟ ಚೂರಿನಿಂದಲೇ ರೋಗ ಮತ್ತೆ ಬೆಳೆಯುತ್ತದೆ.

ಮನೆಗೆ ಬಂದ ಮೇಲೆ ಹಣೆಯ ಪೊಳ್ಳಿಗೆ ಧೂಳು, ಮಳೆ, ನೊಣ ಹೋಗಬಾರದು. ತಲೆಗೆ ನೀರು ಹಾಕಬ್ಯಾಡ್ರಿ. ಪಟ್ಟಿ ತೊಯ್ದರೆ ಅವತ್ತೇ ಬದಲಿಸ್ರಿ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ; ಗಾಯ ಪೂರ್ತಿ ಮಾಯುವ ತನಕ ನೊಗ ಬೇಡ.

ಹೊಳ್ಳೆಯಲ್ಲಿ ರಕ್ತ ಕಂಡ ದಿನವೇ ಊರ ಪಶು ಆಸ್ಪತ್ರೆಗೆ ಹೋಗ್ರಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಹಚ್ಚಿರಿ. "ಎತ್ತಿಗೆ ಆರಾಮಿಲ್ಲ" ಅಂದರೆ ಸಾಲದು. "ಒಂದೇ ಹೊಳ್ಳೆಯಿಂದ ರಕ್ತ ಬರಾಕತ್ತೈತಿ, ಕೋಡು ಮಂದ ಸಪ್ಪಳ ಕೊಡತೈತಿ" ಅಂತ ಮೊದಲ ಮಾತಿಗೇ ಹೇಳ್ರಿ.